ಗಾಜಿನ ತೊಟ್ಟಿಯ ಹಾವಸೆ: ಒಂದು ತಪ್ಪು ಲೆಕ್ಕದ ಚರಿತ್ರೆ

ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಹೊಸದಾಗಿ ಕಟ್ಟಿದ ಮನೆಯಲ್ಲಿ ಎರಡನೆಯ ಅಥವಾ ಮೂರನೆಯ ವಾರಕ್ಕೆ ಒಂದು ಕಳವಳ ಕಾಲಿಡುತ್ತದೆ. ಅಲ್ಲಿಯವರೆಗೆ ಬೆಳ್ಳಗೆ ಹೊಳೆಯುತ್ತಿದ್ದ ಮರಳಿನ ಮೇಲೆ ಕಾಫಿಪುಡಿ ಚೆಲ್ಲಿದಂತೆ ಕಂದು ಪುಡಿ ಕೂರುತ್ತದೆ, ಗಾಜು ಮಸುಕಾಗುತ್ತದೆ, ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಅಲ್ಲಿಯೇ ಇರುತ್ತದೆ. ಕೆಲವು ವಾರಗಳಲ್ಲಿ ಅದು ತಾನಾಗಿ ಹಿಂದೆ ಸರಿದು, ಅದರ ಜಾಗದಲ್ಲಿ ಕೆಂಗಪ್ಪು ಹಾಳೆಗಳೋ ಹಸಿರು ಕೂದಲೋ ಹಬ್ಬತೊಡಗುತ್ತವೆ. ಹಣ ಸುರಿದವರಿಗೆ ಇದು ಸೋಲಿನಂತೆ ಕಾಣುತ್ತದೆ. ಎಷ್ಟೋ ಮಂದಿ ಈ ಹಂತದಲ್ಲಿಯೇ ತೊಟ್ಟಿಯನ್ನು ಬರಿದು ಮಾಡಿ ಮಾರಿಬಿಡುತ್ತಾರೆ. ಈ ಕಳವಳಕ್ಕೆ 170 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಕ್ವೇರಿಯಂ ಎಂಬ ವಸ್ತು ಹುಟ್ಟಿದ ದಿನದಿಂದಲೇ ಹಾವಸೆಯೂ ಅದರ ಜೊತೆಗಿದೆ. ಅಷ್ಟೇ ಅಲ್ಲ, ಹಾವಸೆಯನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನದಲ್ಲಿಯೇ ಅಕ್ವೇರಿಯಂ ರೂಪುಗೊಂಡಿತೆಂದು ನಾವು ಹೇಳಬಯಸುತ್ತೇವೆ.

ಸಾಹಿತ್ಯದ ಬಳಗದಲ್ಲಿ ಪಾಚಿಯ ಮಾತೇಕೆಂದು ಓದುಗರು ಕೇಳಬಹುದು. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಫಿಲಿಪ್ ಹೆನ್ರಿ ಗಾಸ್ ಎಂಬ ಹೆಸರು ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಕೃತಿಯ ಕಠೋರ ತಂದೆಯಾಗಿ ಮಾತ್ರ ಪರಿಚಯ. ಧರ್ಮಶ್ರದ್ಧೆಗೂ ವಿಜ್ಞಾನಕ್ಕೂ ನಡುವೆ ನಲುಗಿದ ಆ ತಂದೆಯೇ ‘ಅಕ್ವೇರಿಯಂ’ ಎಂಬ ಪದವನ್ನು ಇಂದಿನ ಅರ್ಥದಲ್ಲಿ ರೂಢಿಗೆ ತಂದವನು. ನಾವು ಈ ವಿಷಯಕ್ಕೆ ಬಂದದ್ದು ಆ ದಾರಿಯಿಂದ.

ಮೊದಲಿಗೆ ಪದಗಳ ಬಗೆಗೆ ಒಂದು ಮಾತು. ಕನ್ನಡದಲ್ಲಿ ಪಾಚಿಯೂ ಇದೆ, ಹಾವಸೆಯೂ ಇದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಲೋಳೆಯನ್ನು ಹಾವಸೆ ಎನ್ನುವಾಗ ನಮ್ಮ ಹಿರಿಯರು ಒಂದು ಬಗೆಯ ವರ್ಗೀಕರಣವನ್ನೇ ಮಾಡಿದ್ದರು. ಹೊಸ ತೊಟ್ಟಿಯಲ್ಲಿ ಮೊದಲು ಕಾಣುವುದು ಬಹುಪಾಲು ಹಾವಸೆ. ಎಳೆಯಾಗಿ, ಗೊಂಚಲಾಗಿ ನಿಲ್ಲುವ ಪಾಚಿ ಬರುವುದು ಆಮೇಲೆ.

ಕಥೆಯ ಬೇರು 18ನೆಯ ಶತಮಾನದಲ್ಲಿದೆ. ದೀಪ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡವೊಂದು ಮತ್ತೆ ಶುದ್ಧಗೊಳಿಸಬಲ್ಲದೆಂದು ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಕಂಡುಕೊಂಡ. ಅದಕ್ಕೆ ಬಿಸಿಲು ಬೇಕು, ಆ ಕೆಲಸ ಮಾಡುವುದು ಗಿಡದ ಹಸಿರು ಭಾಗ ಮಾತ್ರ ಎಂಬುದನ್ನು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳನ್ನು ವರ್ಷಗಟ್ಟಲೆ ಬದುಕಿಸಿ, ಅದರ ಬಗೆಗೆ 1842ರಲ್ಲಿ ಪುಸ್ತಕ ಬರೆದ. ಇವೆಲ್ಲವೂ ಸೇರಿ ವಿದ್ಯಾವಂತರ ಮನಸ್ಸಿನಲ್ಲಿ ಒಂದು ಸುಂದರ ಚಿತ್ರ ನೆಲೆಗೊಂಡಿತು: ಪ್ರಾಣಿ ಬಿಟ್ಟದ್ದನ್ನು ಸಸ್ಯ ಕೊಳ್ಳುತ್ತದೆ, ಸಸ್ಯ ಬಿಟ್ಟದ್ದನ್ನು ಪ್ರಾಣಿ ಕೊಳ್ಳುತ್ತದೆ, ತಕ್ಕಡಿಯ ಎರಡು ತಟ್ಟೆಗಳು ಸಮವಾಗಿ ನಿಲ್ಲುತ್ತವೆ.

ಈ ತಕ್ಕಡಿಯನ್ನು ನೀರಿನಲ್ಲಿ ತೂಗಿ ನೋಡಿದವನು ರಾಬರ್ಟ್ ವಾರಿಂಗ್ಟನ್. ಲಂಡನ್ನಿನ ಔಷಧಿಕಾರರ ಸಂಘದ ಭವನದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ಆತ 1849ರಲ್ಲಿ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆಯೊಂದರಲ್ಲಿ ಅರ್ಧಕ್ಕೆ ನೀರು ತುಂಬಿ, ತಳದಲ್ಲಿ ಮರಳು, ಮಣ್ಣು, ಕಲ್ಲುಗಳನ್ನಿಟ್ಟು, ಒಂದು ವ್ಯಾಲಿಸ್ನೇರಿಯಾ ಗಿಡವನ್ನೂ ಎರಡು ಚಿನ್ನದ ಮೀನುಗಳನ್ನೂ ಬಿಟ್ಟ. ಸಿದ್ಧಾಂತದ ಪ್ರಕಾರ ಇಷ್ಟೇ ಸಾಕಾಗಬೇಕಿತ್ತು. ಆದರೆ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿನ ಒಳಮೈಗೆ ಹಸಿರು ಲೋಳೆ ಹತ್ತಿತು. ವಾರಿಂಗ್ಟನ್ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದುಹಾಕಿದವು, ಅವುಗಳ ಮೊಟ್ಟೆಮರಿಗಳು ಮೀನಿಗೆ ಆಹಾರವಾದವು, ನೀರು ತಿಳಿಯಾಯಿತು. 1850ರ ಮಾರ್ಚಿನಲ್ಲಿ ಆತ ಈ ಸಂಗತಿಯನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ.

ಈ ಪ್ರಸಂಗದಲ್ಲಿ ನಮಗೆ ಮುಖ್ಯವೆನಿಸುವುದು ಬಸವನಹುಳು. ಎರಡು ತಟ್ಟೆಗಳ ತಕ್ಕಡಿ ಸಾಲದು, ನಡುವೆ ಕಸ ಗುಡಿಸುವ ಮೂರನೆಯವನೊಬ್ಬ ಬೇಕೆಂಬ ಅರಿವು ಮೊದಲ ಪ್ರಯೋಗದಲ್ಲಿಯೇ ಬಂತು. ಅದನ್ನು ಕಲಿಸಿದ್ದು ಹಾವಸೆ. ಆದರೂ ಜನಪ್ರಿಯ ಪುಸ್ತಕಗಳಲ್ಲಿ ಉಳಿದದ್ದು ತಕ್ಕಡಿಯ ಚಿತ್ರವೇ.

ವಾರಿಂಗ್ಟನ್‌ಗಿಂತ ಮೂರು ವರ್ಷ ಮೊದಲೇ, 1846ರಲ್ಲಿ, ಟಾರ್ಕಿ ತೀರದಿಂದ ಕಲ್ಲುಹವಳದ ಜೀವಿಗಳನ್ನು ಲಂಡನ್ನಿಗೆ ತಂದ ಆ್ಯನಾ ಥಿನ್ ಎಂಬ ಮಹಿಳೆಯನ್ನು ಇಲ್ಲಿ ನೆನೆಯಬೇಕು. ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಪಾದ್ರಿಯೊಬ್ಬರ ಪತ್ನಿಯಾಗಿದ್ದ ಆಕೆ ಪ್ರಯಾಣದಲ್ಲಿ ಅವು ಒಂದಕ್ಕೊಂದು ತಾಗದಿರಲೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದಳು. ಮನೆಯಲ್ಲಿ ಕಡಲ ನೀರು ಸತ್ತುಹೋಗದಂತೆ, ತೆರೆದ ಕಿಟಕಿಯ ಎದುರು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿರುವುದು ಮನೆಗೆಲಸದವಳ ಪಾಲಿನ ಕೆಲಸವಾಯಿತು. ಮರುವರ್ಷ ಕಡಲ ಸಸ್ಯಗಳನ್ನೂ ಸೇರಿಸಿದ ಮೇಲೆ ಆ ಜೀವಿಗಳು ಬದುಕಿದ್ದಷ್ಟೇ ಅಲ್ಲ, ಮರಿ ಹಾಕಿದವು. ಆಕೆಯ ಟಿಪ್ಪಣಿಗಳು ಅಚ್ಚಾದದ್ದು 1859ರಲ್ಲಿ. ಇಂದು ವಿದ್ಯುತ್ ಪಂಪು ಮಾಡುವ ಕೆಲಸವನ್ನು ಅಂದು ಮಾಡಿದ ಆ ಕೆಲಸದವಳ ಹೆಸರನ್ನು ಚರಿತ್ರೆ ಉಳಿಸಿಕೊಳ್ಳಲಿಲ್ಲ.

1852ರಲ್ಲಿ ವಾರಿಂಗ್ಟನ್ ಕಡಲ ನೀರಿಗೆ ಕೈಹಾಕಿದ. ಅದೇ ವರ್ಷ ಡೆವನ್ ತೀರದಲ್ಲಿ ಗಾಸ್ ಕೂಡ ಸ್ವತಂತ್ರವಾಗಿ ಇದೇ ಪ್ರಯೋಗದಲ್ಲಿ ತೊಡಗಿದ್ದ. ಉಪ್ಪುನೀರಿನಲ್ಲಿ ಕಷ್ಟ ಇಮ್ಮಡಿ. ಕಡಲ ಸಸ್ಯಗಳಲ್ಲಿ ಕಂದು, ಕೆಂಪು, ಹಸಿರೆಂಬ ಮೂರು ಕುಲಗಳಿವೆ, ಯಾವುದನ್ನು ನೆಡುವುದು? ಕಂದು ಸಸ್ಯಗಳು ಲೋಳೆ ಬಿಟ್ಟು ಕೊಳೆತವು, ಚೆಲುವಾದ ಕೆಂಪು ಸಸ್ಯಗಳು ಹೆಚ್ಚು ಬೆಳಕನ್ನು ತಾಳಲಿಲ್ಲ. ಕೊನೆಗೆ ಗಟ್ಟಿಗನಾಗಿ ನಿಂತದ್ದು ಬಂಡೆಗಳ ಮೇಲೆ ಎಲ್ಲೆಡೆ ಬೆಳೆಯುವ, ಯಾರೂ ಬೆಲೆ ಕೊಡದ ಹಸಿರು ಅಲ್ವಾ. ಆದರೆ ಅದಕ್ಕೆ ಬೇಕಾದ ಬೆಳಕಿನಲ್ಲಿ ಗಾಜಿನ ತುಂಬ ಹಸಿರು ಪೊರೆಯೂ ಬೆಳೆಯಿತು. ಸಿಹಿನೀರಿನಲ್ಲಿ ಮಾಡಿದ ಉಪಾಯವನ್ನೇ ವಾರಿಂಗ್ಟನ್ ಇಲ್ಲಿಯೂ ಮಾಡಿ, ಪೆರಿವಿಂಕಲ್ ಎಂಬ ಕಡಲ ಬಸವನಹುಳುಗಳನ್ನು ಬಿಟ್ಟ. ಜೊತೆಗೆ, ಕಡಲಿನಲ್ಲಿ ಬೆಳಕು ಮೇಲಿನಿಂದ ಮಾತ್ರ ಬೀಳುತ್ತದೆ, ನಾವೋ ನಾಲ್ಕೂ ಬದಿಯಿಂದ ಸುರಿಯುತ್ತಿದ್ದೇವೆ ಎಂಬುದು ಅವನಿಗೆ ಹೊಳೆಯಿತು. ಹಿಂಬದಿ ಇಳಿಜಾರಾಗಿರುವ, ಬೆಳಕನ್ನು ಮೇಲಿನಿಂದಷ್ಟೇ ಒಳಬಿಡುವ ತೊಟ್ಟಿಯನ್ನು ರೂಪಿಸಿದ. ಕಿಟಕಿಯ ಪಕ್ಕದಲ್ಲಿ ಅಕ್ವೇರಿಯಂ ಇಡಬೇಡಿರೆಂದು ಇಂದಿನ ಅಂಗಡಿಯವನು ಹೇಳುವ ಮಾತಿಗೆ ಮೂಲ ಅಲ್ಲಿದೆ.

ಕಡಲಿನಿಂದ ದೂರವಿದ್ದವರಿಗಾಗಿ ಗಾಸ್ ನಾಲ್ಕು ಲವಣಗಳ ಕೃತಕ ಕಡಲ ನೀರಿನ ಪಾಕವನ್ನೂ ಕೊಟ್ಟ. 1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಬಣ್ಣದ ಚಿತ್ರಗಳೊಂದಿಗೆ ಬಂತು. ಗಾಜಿನ ಮೇಲಿನ ತೆರಿಗೆ 1845ರಲ್ಲಿಯೇ ರದ್ದಾಗಿತ್ತು, ರೈಲು ಕಡಲತೀರದವರೆಗೆ ಓಡುತ್ತಿತ್ತು. ಮಧ್ಯಮವರ್ಗದ ಬೈಠಕ್‌ಖಾನೆಗಳಿಗೆಲ್ಲ ಕಡಲು ಬಂದು ಕುಳಿತಿತು. 1856ರಲ್ಲಿ ಜಾರ್ಜ್ ಹೆನ್ರಿ ಲೂಯಿಸ್ ಇಲ್ಫ್ರಾಕೂಂಬ್ ತೀರದಲ್ಲಿ ಬಂಡೆಗಳ ನಡುವಿನ ಜೀವಿಗಳನ್ನು ಆಯುತ್ತಿದ್ದಾಗ ಜೊತೆಗಿದ್ದವಳು ಜಾರ್ಜ್ ಎಲಿಯಟ್. ಆಕೆ ಆಗಿನ್ನೂ ಕಥೆಗಳನ್ನು ಬರೆಯಲು ಆರಂಭಿಸಿರಲಿಲ್ಲ.

ಆದರೆ ಪುಸ್ತಕ ನಂಬಿ ತೊಟ್ಟಿ ಕಟ್ಟಿದವರ ನೀರು ಕೆಲವೇ ವಾರಗಳಲ್ಲಿ ಹಸಿರಾಯಿತು, ಇಲ್ಲವೇ ನಾರಿತು. ಹೆಚ್ಚು ಸಸ್ಯವಿದ್ದರೆ ಹೆಚ್ಚು ಶುದ್ಧಿಯೆಂಬ ತಕ್ಕಡಿಯ ತರ್ಕದಂತೆ ಅವರು ಇನ್ನಷ್ಟು ಬೆಳಕು ಕೊಟ್ಟರು, ಇನ್ನಷ್ಟು ಸಸ್ಯ ತುಂಬಿದರು. ಸಸ್ಯ ಕೊಳೆತು ಹಾವಸೆಗೆ ಗೊಬ್ಬರವಾಯಿತು. ಸತ್ತದ್ದನ್ನು ಚೆಲ್ಲಿ, ತೀರಕ್ಕೆ ಹೋಗಿ ಇನ್ನೊಂದು ಬುಟ್ಟಿ ತುಂಬಿ ತಂದರು. ಒಂದು ತೊಟ್ಟಿಗೆ ಬೇಕಾದ ಜೀವಗಳು ಒಂದೇ ಸಲಕ್ಕೆ ಮುಗಿಯಲಿಲ್ಲ. ಪ್ರತಿ ಸೋಲಿಗೂ ತೀರ ಮತ್ತೆ ತೆರಬೇಕಾಯಿತು. ಎಡ್ಮಂಡ್ ಗಾಸ್ ತನ್ನ ಪುಸ್ತಕದಲ್ಲಿ, ಬಾಲ್ಯದಲ್ಲಿ ತಂದೆಯೊಡನೆ ನೋಡಿದ ಬಂಡೆಕೊಳಗಳು ಸಂಗ್ರಹಕಾರರ ದಂಡಿಗೆ ಸಿಕ್ಕಿ ಬರಿದಾದುದನ್ನೂ, ಅದಕ್ಕೆ ತನ್ನ ಪುಸ್ತಕಗಳೂ ಕಾರಣವಾದವೆಂಬ ಅರಿವು ತಂದೆಯನ್ನು ನೋಯಿಸಿದುದನ್ನೂ ದಾಖಲಿಸುತ್ತಾನೆ. ಆ ಭಾಗವನ್ನು ತಂದೆ ಮಗನ ಸಂಬಂಧದ ರೂಪಕವಾಗಿ ಪಾಠ ಹೇಳುವುದು ವಾಡಿಕೆ. ಅದು ಪರಿಸರದ ಒಂದು ಸಾಕ್ಷ್ಯವೂ ಹೌದೆಂದು ನಮ್ಮ ತರಗತಿಗಳಲ್ಲಿ ಯಾರೂ ಹೇಳಿದ ನೆನಪಿಲ್ಲ.

ತಕ್ಕಡಿಯ ಲೆಕ್ಕ ಎಲ್ಲಿ ತಪ್ಪಿತು? ಅದು ಗಾಳಿಯ ಲೆಕ್ಕವನ್ನಷ್ಟೇ ಇಟ್ಟಿತ್ತು. ಮೀನು ವಿಸರ್ಜಿಸುವ ಅಮೋನಿಯಾದ ಲೆಕ್ಕ ಅದರಲ್ಲಿ ಇರಲಿಲ್ಲ. ಈ ಕೊರತೆಗೆ ಅನುಭವದಿಂದಲೇ ಮದ್ದು ಹುಡುಕಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಅಕ್ವೇರಿಯಂ ಸಾಮಗ್ರಿಗಳ ವ್ಯಾಪಾರಿಯಾಗಿದ್ದ ಈತ, ಹಸಿರುಗಟ್ಟಿದ ನೀರನ್ನು ಚೆಲ್ಲದೆ ಕತ್ತಲಲ್ಲಿಟ್ಟರೆ ತಿಳಿಯಾಗುವುದನ್ನು ಗಮನಿಸಿದ್ದ. 1864ರಲ್ಲಿ ತೆರೆದ ಹ್ಯಾಂಬರ್ಗ್ ಅಕ್ವೇರಿಯಂನಲ್ಲಿಯೂ, 1871ರ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂನಲ್ಲಿಯೂ ಪ್ರದರ್ಶನದ ತೊಟ್ಟಿಗಳ ಕೆಳಗೆ ಅವಕ್ಕಿಂತ ಬಹಳ ದೊಡ್ಡದಾದ ಕತ್ತಲೆಯ ಜಲಾಶಯವಿತ್ತು. ಉಗಿಯಂತ್ರದ ಪಂಪು ನೀರನ್ನು ಹಗಲಿರುಳು ಮೇಲಕ್ಕೂ ಕೆಳಕ್ಕೂ ತಿರುಗಿಸುತ್ತಿತ್ತು. ಸಸ್ಯಗಳನ್ನು ನೆಡುವುದೇ ಬೇಡ, ಬಂಡೆಯ ಮೇಲೆ ತಾವಾಗಿ ಮೂಡುವ ಪಾಚಿಯೇ ಸಾಕು, ಅದನ್ನು ಬೆಳಕಿನಿಂದ ಹತೋಟಿಯಲ್ಲಿಡಿ ಎಂಬುದು ಅವನ ನಿಲುವು. ವರ್ಷಗಟ್ಟಲೆ ಅದೇ ನೀರು ಕೆಡದೆ ಉಳಿಯಿತು. ಅದು ಏಕೆ ಉಳಿಯಿತೆಂಬುದಕ್ಕೆ ಅವನು ಕೊಟ್ಟ ಕಾರಣ ನೀರಿಗೆ ಗಾಳಿ ಬೆರೆಯುವುದು. ಅದು ಅರ್ಧ ನಿಜ.

ಉಳಿದರ್ಧ ನಿಜ ಹೊರಬಂದದ್ದು ಅಕ್ವೇರಿಯಂಗೆ ಸಂಬಂಧವೇ ಇಲ್ಲದ ಕಡೆಯಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಚರಂಡಿಯ ನೀರನ್ನು ಮರಳಿನ ಮೂಲಕ ಇಳಿಸುತ್ತ, ಅಮೋನಿಯಾ ನೈಟ್ರೇಟಾಗಿ ಬದಲಾಗುವುದು ಜೀವಾಣುಗಳ ಕೆಲಸವೆಂದು ತೋರಿಸಿದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಬ್ಬ ರಸಾಯನಜ್ಞ ಅದನ್ನು ಮುಂದುವರಿಸಿ, ಈ ಬದಲಾವಣೆ ಎರಡು ಮೆಟ್ಟಿಲುಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆಂದು ಕಂಡುಕೊಂಡ: ಮೊದಲು ಅಮೋನಿಯಾದಿಂದ ನೈಟ್ರೈಟ್, ಅನಂತರ ನೈಟ್ರೈಟಿನಿಂದ ನೈಟ್ರೇಟ್. ಬೆಳಕು ಈ ಕ್ರಿಯೆಯನ್ನು ತಡೆಯುತ್ತದೆ, ಕತ್ತಲೆ ಅದಕ್ಕೆ ಅನುಕೂಲ ಎಂಬುದನ್ನೂ ಆತ 1878ರಷ್ಟು ಹಿಂದೆಯೇ ಗುರುತಿಸಿದ್ದ. ಆ ಜೀವಾಣುಗಳನ್ನು ಪ್ರತ್ಯೇಕಿಸುವ ಕೀರ್ತಿ ಮಾತ್ರ 1890ರಲ್ಲಿ ರಷ್ಯಾದ ವಿನೊಗ್ರಾಡ್‌ಸ್ಕಿಗೆ ಹೋಯಿತು. ರಾಥಮ್‌ಸ್ಟೆಡ್ಡಿನ ಆ ರಸಾಯನಜ್ಞನ ಹೆಸರು ರಾಬರ್ಟ್ ವಾರಿಂಗ್ಟನ್. ಬಸವನಹುಳುಗಳ ವಾರಿಂಗ್ಟನ್ನನ ಮಗ. 1838ರಲ್ಲಿ ಹುಟ್ಟಿದ ಆತ, ತಂದೆ ಚಿನ್ನದ ಮೀನುಗಳ ಪ್ರಯೋಗ ಆರಂಭಿಸಿದಾಗ ಹತ್ತು ಹನ್ನೊಂದರ ಹುಡುಗ. ತಂದೆಯ ಲೆಕ್ಕದಲ್ಲಿ ಬಿಟ್ಟುಹೋದ ಸಾಲನ್ನು ಮಗ ಹೊಲದ ಮಣ್ಣಿನಲ್ಲಿ ಬರೆದ. ಆ ಹೊತ್ತಿಗೆ ತಂದೆ ತೀರಿಕೊಂಡು ಹತ್ತು ವರ್ಷಗಳಾಗಿದ್ದವು. ಲಾಯ್ಡ್‌ನ ಕತ್ತಲೆಯ ಜಲಾಶಯ ಏನು ಮಾಡುತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಗಾಸ್ ತಂದೆಮಗನ ಬಗೆಗೆ ಸಾಹಿತ್ಯಲೋಕ ಅಷ್ಟೊಂದು ಬರೆದಿದೆ; ಈ ಇನ್ನೊಂದು ತಂದೆಮಗನ ಜೋಡಿಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಈ ಹಿನ್ನೆಲೆಯಲ್ಲಿ ಹೊಸ ತೊಟ್ಟಿಯ ಬಣ್ಣಗಳನ್ನು ಓದಬಹುದು. ಮೊದಲು ಬರುವ ಕಂದು ಪುಡಿ ಡಯಾಟಮ್‌ಗಳದು. ಸಿಲಿಕಾದಿಂದ ಕವಚ ಕಟ್ಟಿಕೊಳ್ಳುವ ಈ ಒಂದು ಕೋಶದ ಜೀವಿಗಳಿಗೆ ಹೊಸ ನೀರಿನಲ್ಲಿಯೂ ಹೊಸ ಮರಳಿನಲ್ಲಿಯೂ ಸಿಲಿಕೇಟ್ ಸಿಗುತ್ತದೆ. ಬೆರಳಾಡಿಸಿದರೆ ಸುಲಭವಾಗಿ ಏಳುವುದು ಇದರ ಗುರುತು. ಸಿಲಿಕೇಟ್ ಮುಗಿದಾಗ ಇದೂ ಮುಗಿಯುತ್ತದೆ. ಇದಕ್ಕಾಗಿ ಹಣ ಖರ್ಚು ಮಾಡುವವನು ಅಂಗಡಿಗೆ ಉಪಕಾರ ಮಾಡಿದಂತೆ. ಆದರೆ ಪ್ರತಿ ಸಲ ನಲ್ಲಿಯ ಅಥವಾ ಬೋರ್‌ವೆಲ್‌ನ ನೀರನ್ನೇ ಸುರಿಯುತ್ತಿದ್ದರೆ ಸಿಲಿಕೇಟ್ ಮುಗಿಯುವುದೇ ಇಲ್ಲ. ಆರ್‌ಓ ಯಂತ್ರದಿಂದ ಬಂದು, ಆಮೇಲೆ ಅಯಾನುಗಳನ್ನು ಹೀರುವ ರಾಳದ ಮೂಲಕ ಹಾದ ನೀರಿನಲ್ಲಿ ಉಪ್ಪು ಕದಡುವುದು ಈ ಕಾರಣಕ್ಕೆ.

ಕೆಂಗಪ್ಪು ಹಾಳೆಯಾಗಿ ಹಾಸಿ, ಎಳೆದರೆ ಚರ್ಮದಂತೆ ಸುಲಿದು ಬರುವುದು ಪಾಚಿಯೇ ಅಲ್ಲ, ಅದು ಸಯನೋಬ್ಯಾಕ್ಟೀರಿಯಾ. 1832ರಲ್ಲಿ ಬೀಗಲ್ ಹಡಗಿನ ಪಯಣದಲ್ಲಿ ಬ್ರೆಜಿಲ್ ತೀರದ ಬಳಿ ಡಾರ್ವಿನ್ ಕಂಡ, ಕಡಲನ್ನೇ ಕಂದುಗೆಂಪಾಗಿಸಿದ್ದ ಜೀವಿಗಳೂ ಇದೇ ಕುಲದವು. ನೀರಿನ ಸೆಳವು ತಲುಪದ ಮೂಲೆಯಲ್ಲಿ, ಮೀನು ತಿನ್ನದೆ ಬಿಟ್ಟ ಆಹಾರ ತಂಗುವಲ್ಲಿ ಇದರ ನೆಲೆ. ಹಾಳೆಯನ್ನು ಕೊಳವೆಯಿಂದ ಹೀರಿ ತೆಗೆದು, ಪಂಪಿನ ಮುಖವನ್ನು ಆ ಕಡೆ ತಿರುಗಿಸಿ, ಆಹಾರ ತಗ್ಗಿಸಿದರೆ ಬಹುತೇಕ ಸರಿಹೋಗುತ್ತದೆ. ಆ್ಯಂಟಿಬಯಾಟಿಕ್ ಹಾಕಿ ಒಂದೇ ರಾತ್ರಿಯಲ್ಲಿ ಕೊಲ್ಲುವುದೂ ಉಂಟು. ಅಷ್ಟೊಂದು ಜೀವರಾಶಿ ಒಮ್ಮೆಗೇ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಮೀನುಗಳೂ ಸಾಯಬಹುದು. ತಾಮ್ರದ ಲವಣಗಳಂತೂ ಪಾಚಿಯೊಡನೆ ಬಸವನಹುಳು, ಸೀಗಡಿ, ಹವಳಗಳನ್ನೂ ಕೊಲ್ಲುತ್ತವೆ.

ಹಸಿರು ಕೂದಲಿನಂಥ ಪಾಚಿ ಬಂದರೆ ತೊಟ್ಟಿಯಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಸೇರುತ್ತಿವೆಯೆಂದು ತಿಳಿಯಬೇಕು. ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಆರಂಭಿಸಿದ ಅಧ್ಯಯನದಿಂದ ನೆಲೆಗೊಂಡ ಪ್ರಮಾಣದಂತೆ, ಕಡಲಿನ ಸೂಕ್ಷ್ಮಸಸ್ಯಗಳ ಒಡಲಿನಲ್ಲಿ 106 ಪಾಲು ಇಂಗಾಲಕ್ಕೆ 16 ಪಾಲು ಸಾರಜನಕ, 1 ಪಾಲು ರಂಜಕ ಇರುತ್ತದೆ. ಚಿಟಿಕೆಯಷ್ಟು ರಂಜಕ ಎಷ್ಟು ಪಾಚಿಯನ್ನು ಸಾಕಬಲ್ಲದೆಂಬುದಕ್ಕೆ ಈ ಅಂಕಿಗಳೇ ಸಾಕು. ಪರೀಕ್ಷೆಯಲ್ಲಿ ನೈಟ್ರೇಟ್ ಸೊನ್ನೆಯೆಂದು ಕಂಡರೂ ಮೋಸ ಹೋಗಬಾರದು. ಪಾಚಿಯೇ ಅದನ್ನು ನುಂಗಿ ಕುಳಿತಿರುತ್ತದೆ. ಕೈಯಿಂದ ಕಿತ್ತು ಹೊರಹಾಕುವುದು, ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆಗೆ ಇಳಿಸುವುದು, ನೀರಿನ ಒಂದು ಪಾಲನ್ನು ಕ್ರಮವಾಗಿ ಬದಲಿಸುವುದು, ಟರ್ಬೊ ಅಥವಾ ಟ್ರೋಕಸ್ ಜಾತಿಯ ಬಸವನಹುಳುಗಳನ್ನು ಮೇಯಲು ಬಿಡುವುದು: ಇಂದಿನ ಉಪಾಯಗಳಲ್ಲಿ ವಾರಿಂಗ್ಟನ್‌ಗೆ ಅಪರಿಚಿತವಾದದ್ದು ಹೆಚ್ಚೇನಿಲ್ಲ. ಅಮೋನಿಯಾ, ನೈಟ್ರೈಟ್‌ಗಳು ಸೊನ್ನೆಗಿಳಿಯುವ ಮೊದಲು ಬಸವನಹುಳುಗಳನ್ನು ಬಿಟ್ಟರೆ ಅವು ಸಾಯುತ್ತವೆ ಎಂಬುದಷ್ಟೇ ಅವನಿಗೆ ತಿಳಿಯದಿದ್ದ ಷರತ್ತು.

ಒಂದು ಅಪವಾದವನ್ನು ಹೇಳಲೇಬೇಕು. ಗುಳ್ಳೆಗಳನ್ನು ಹೊತ್ತ ಕಂದು ಲೋಳೆಯ ಎಳೆಗಳಾಗಿ ಕಾಣುವ, ರಾತ್ರಿ ತಗ್ಗಿ ಹಗಲು ಮತ್ತೆ ಹಬ್ಬುವ ಡೈನೋಫ್ಲಾಜೆಲೇಟ್‌ಗಳನ್ನು ಡಯಾಟಮ್ ಎಂದು ತಪ್ಪು ತಿಳಿಯುವುದು ಸಾಮಾನ್ಯ. ಪೋಷಕಾಂಶ ಸೊನ್ನೆಯಾದ, ಅತಿಯಾಗಿ ಶುಚಿಗೊಳಿಸಿದ ತೊಟ್ಟಿಗಳಲ್ಲಿಯೇ ಇವು ಹೆಚ್ಚು. ಇನ್ನಷ್ಟು ಶುಚಿ ಮಾಡಿದರೆ ಇನ್ನಷ್ಟು ಹಬ್ಬುತ್ತವೆ. ಇವನ್ನು ತಿಂದ ಬಸವನಹುಳುಗಳು ಸಾಯುವುದೂ ಇದೆ. ಮದ್ದಿಗಿಂತ ಮೊದಲು ಗುರುತಿಸುವುದು ಮುಖ್ಯವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಶಾಲೆಯ ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕವೊಂದು ಐದು ನಿಮಿಷದಲ್ಲಿ ಸಂಶಯ ತೀರಿಸುತ್ತದೆ.

20ನೆಯ ಶತಮಾನದ ಕಥೆಯನ್ನು ಚುಟುಕಾಗಿ ಹೇಳಬಹುದು. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಬರೆದ ಲೇಖನವೊಂದರಲ್ಲಿ, ಜೀವಾಣುಗಳು ನೆಲೆಸಿದ ಹವಳದ ಬಂಡೆಯನ್ನು ಕಡಲಿನಿಂದ ತಂದಿಟ್ಟು ಗಾಳಿಗುಳ್ಳೆ ಬಿಟ್ಟರೆ ತೊಟ್ಟಿ ತಾನಾಗಿ ಬದುಕುತ್ತದೆಂದು ತೋರಿಸಿದ. ಲಾಯ್ಡ್‌ನ ಜಲಾಶಯ ಬಂಡೆಯ ರಂಧ್ರಗಳೊಳಗೆ ಸೇರಿಕೊಂಡಂತಾಯಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಪಾಚಿಯನ್ನು ತೊಟ್ಟಿಯಿಂದಾಚೆ, ಪ್ರತ್ಯೇಕ ಹರಿವಾಣದಲ್ಲಿ, ಪ್ರಖರ ಬೆಳಕಿನಡಿ ಬೇಕೆಂದೇ ಬೆಳೆಸಿ, ವಾರಕ್ಕೊಮ್ಮೆ ಹುಲ್ಲು ಕೊಯ್ದಂತೆ ಕೊಯ್ದು ತೆಗೆಯುವ ವಿಧಾನ ರೂಪಿಸಿದ. ಹಾವಸೆಯನ್ನು ಹಾವಸೆಯಿಂದಲೇ ಹಸಿವಿಗೀಡುಮಾಡುವ ಈ ಯುಕ್ತಿಯನ್ನು ನಾವು ಬಹಳ ಮೆಚ್ಚುತ್ತೇವೆ.

ನಮ್ಮ ನೆಲಕ್ಕೆ ಬಂದರೆ, ಮದ್ರಾಸಿನ ಮರೀನಾ ತೀರದ ಅಕ್ವೇರಿಯಂ 1909ರದು. ಮುಂಬಯಿಯ ಮೆರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂ 1951ರದು. ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡಿಗರಲ್ಲಿ ಎರಡನೆಯದನ್ನು ನೋಡದವರು ಕಡಿಮೆ. ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡುವ ಹವ್ಯಾಸ ಇಲ್ಲಿ ವ್ಯಾಪಿಸಿದ್ದು ಇತ್ತೀಚೆಗೆ. ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿದವು. ಅಂದರೆ ನೇತ್ರಾಣಿ ದ್ವೀಪದ ಸುತ್ತಲಿನ ಹವಳವಾಗಲಿ, ಮನ್ನಾರ್ ಕೊಲ್ಲಿಯದಾಗಲಿ, ಅದನ್ನು ಕಿತ್ತು ತರುವುದು ಹುಲಿಯ ಬೇಟೆಯಂತೆಯೇ ಅಪರಾಧ. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಕಾನೂನು ಎಷ್ಟು ನಿಧಾನವೆಂಬುದು ಗೊತ್ತು. ಡೆವನ್ನಿನ ಬಂಡೆಕೊಳಗಳಿಗೆ ಇಂಥದೊಂದು ನಿಧಾನದ ಕಾನೂನೂ ಇರಲಿಲ್ಲ. ಆದ್ದರಿಂದ ಇಲ್ಲಿನ ಹವ್ಯಾಸಿಗಳು ಒಣ ಕಲ್ಲಿನಿಂದಲೇ ಆರಂಭಿಸಬೇಕು. ಒಣ ಕಲ್ಲಿಗೆ ಜೀವಾಣುಗಳು ಹತ್ತಲು ಆರೆಂಟು ವಾರಗಳು ಬೇಕು. ಖಾಲಿ ಜಾಗವನ್ನು ಮೊದಲು ಹಿಡಿಯುವುದು ಹಾವಸೆಯೇ, ಹಾಗಾಗಿ ಅದರ ಕಾಟವೂ ಇಲ್ಲಿ ತುಸು ದೀರ್ಘ. ಈ ಕಾಯುವಿಕೆಯನ್ನು ದುಬಾರಿಯೆಂದು ಗೊಣಗುವವರನ್ನು ಕೇಳಿದ್ದೇವೆ. ತೀರ ತೆರುವ ಬೆಲೆಯ ಮುಂದೆ ಅದು ದುಬಾರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕಾದವರ ತೊಟ್ಟಿಯಲ್ಲಿ, ಬೇರೆ ತೊಟ್ಟಿಯಿಂದ ಬಂದ ಬಸವನಹುಳುವಿನ ಚಿಪ್ಪಿಗೆ ಅಂಟಿಕೊಂಡು ಇನ್ನೊಂದು ಬಗೆಯ ಪಾಚಿಯೂ ಒಳಬಂದಿರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಪಂಪಿನ ಮೈಮೇಲೋ ಕಲ್ಲಿನ ನೆರಳ ಬದಿಯಲ್ಲೋ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಉಗುರಿನಿಂದ ಕೆರೆದರೂ ಏಳುವುದಿಲ್ಲ; ನೀರಿನ ಸುಣ್ಣವನ್ನು ಹೀರಿ ಕಲ್ಲಿನಂತೆ ಗಟ್ಟಿಯಾಗುವ ಕೊರಲೈನ್ ಪಾಚಿ ಅದು. ಅದು ಹರಡಿದಷ್ಟೂ ಹಸಿರು ಕೂದಲಿಗೆ ಬೇರೂರಲು ಜಾಗ ಕಡಿಮೆಯಾಗುತ್ತದೆ. ಮುಂದಿನ ಗಾಜಿನ ಮೇಲೆ ಬಂದದ್ದನ್ನು ಮಾತ್ರ ಬ್ಲೇಡಿನಿಂದ ತೆಗೆದರೆ ಸಾಕು, ಉಳಿದದ್ದು ಇದ್ದಲ್ಲಿಯೇ ಇರಲಿ.